ತೋಟದ ಬ್ಯಾಟರಿ ನೋಡ್‌ಗೆ ಯಾವ ಮೈಕ್ರೋಕಂಟ್ರೋಲರ್? 5 ವೋಲ್ಟ್ ಸೆನ್ಸರ್ ಇದೆ, 3.3 ವೋಲ್ಟ್ ಲೋರಾ ಇದೆ, ಎರಡು ಸೀರಿಯಲ್ ಪೋರ್ಟ್ ಬೇಕು

ತೋಟದಮನೆ:

ನಮಸ್ಕಾರ. ಅಡಿಕೆ ತೋಟದ ಡ್ರಿಪ್ ಲೈನಿನಲ್ಲಿ, ವಾಲ್ವ್ ಪಕ್ಕದ ಡಬ್ಬಿಯೊಳಗೆ ಕೂರುವ ನೋಡ್‌ಗೆ ಮೈಕ್ರೋಕಂಟ್ರೋಲರ್ ಆರಿಸಬೇಕು. ಹದಿನೈದು ನಿಮಿಷಕ್ಕೊಮ್ಮೆ ಎದ್ದು, ಅಳತೆ ತೆಗೆದು, ಲೋರಾದಲ್ಲಿ (ಕಡಿಮೆ ವಿದ್ಯುತ್ತಿನ, ದೂರ ತಲುಪುವ ರೇಡಿಯೋ) ಮನೆಗೆ ಕಳಿಸಿ ಮತ್ತೆ ಮಲಗಬೇಕು. ಒಟ್ಟು ಹತ್ತು ನೋಡ್. ಬೆಸುಗೆ ಕೈಯಲ್ಲೇ, ಸಾಧಾರಣ ಐರನ್‌ನಿಂದ.

ಜೋಡಿಸಬೇಕಾದವು ಇವು:

ಒತ್ತಡದ ಸೆನ್ಸರ್, 0–10 ಬಾರ್. ಸಪ್ಲೈ 5 ವೋಲ್ಟ್, ಔಟ್‌ಪುಟ್ 0.5ರಿಂದ 4.5 ವೋಲ್ಟ್.
ಮಣ್ಣಿನ ತೇವದ ಪ್ರೋಬ್, ಆರ್‌ಎಸ್-485 ಮಾಡ್‌ಬಸ್ (ಎರಡು ತಂತಿಯ ಸೀರಿಯಲ್ ಸಂಪರ್ಕ), 9600 ಬಾಡ್. ಲೇಬಲ್ಲಿನ ಮೇಲೆ 5–30 ವೋಲ್ಟ್ ಎಂದಿದೆ. ಅದಕ್ಕೆ ಮ್ಯಾಕ್ಸ್485 ಟ್ರಾನ್ಸೀವರ್ ಬೋರ್ಡ್ (ಆ ತಂತಿಗಳಿಗೂ ಚಿಪ್‌ಗೂ ನಡುವಿನ ಕೊಂಡಿ).
ನೀರಿನ ಮೀಟರ್, ರೀಡ್ ಸ್ವಿಚ್‌ನದು (ಅಯಸ್ಕಾಂತ ಹತ್ತಿರ ಬಂದಾಗ ಮುಚ್ಚುವ ಸ್ವಿಚ್), 10 ಲೀಟರ್‌ಗೆ ಒಂದು ಪಲ್ಸ್.
ಲ್ಯಾಚಿಂಗ್ ಸೊಲೆನಾಯ್ಡ್ ವಾಲ್ವ್ (ಒಂದು ಪಲ್ಸ್‌ಗೆ ತಿರುಗಿ ಹಾಗೇ ಉಳಿಯುವಂಥದ್ದು), 9 ವೋಲ್ಟ್. ಕಾಯಿಲ್ ಅಳೆದರೆ 6 ಓಮ್.
ಲೋರಾ ಮಾಡ್ಯೂಲ್, ಸದ್ಯಕ್ಕೆ ಎಸ್‌ಎಕ್ಸ್1278, 433 ಮೆಗಾಹರ್ಟ್ಜ್.
ಒಂದೇ ಒಂದು 6 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಜೊತೆಗೆ 6 ವೋಲ್ಟಿನ ಸಣ್ಣ ಸೋಲಾರ್ ಪ್ಯಾನೆಲ್.

ಈಗಿನ ಪ್ರೋಟೋಟೈಪ್ ಆರ್ಡುಯಿನೋ ಊನೋ ಮೇಲಿದೆ. ಸೆಲ್‌ನ ವೋಲ್ಟೇಜನ್ನು 5ಕ್ಕೆ ಬೂಸ್ಟ್ ಮಾಡಿ (ಏರಿಸಿ) ಕೊಟ್ಟಿದೆ. ಪ್ಯಾನೆಲ್ ಇಲ್ಲದಿದ್ದರೆ ಮೂರು ದಿನಕ್ಕೆ ಸೆಲ್ ಖಾಲಿ. ಹಾರ್ಡ್‌ವೇರ್ ಸೀರಿಯಲ್ ಡೀಬಗ್‌ಗೆ ಹೋಗಿರುವುದರಿಂದ ಮಾಡ್‌ಬಸ್ ಸಾಫ್ಟ್‌ವೇರ್ ಸೀರಿಯಲ್ ಮೇಲೆ ಓಡುತ್ತಿದೆ, ಆಗಾಗ ಸಿಆರ್‌ಸಿ (ಡೇಟಾ ಕೆಡದೆ ಬಂತೇ ಎಂಬ ಪರೀಕ್ಷೆ) ತಪ್ಪು ಬರುತ್ತದೆ. ಇಎಸ್‌ಪಿ32, ಪಿಕೋ, ಬ್ಲೂ ಪಿಲ್ ಮೂರನ್ನೂ ನೋಡುತ್ತಿದ್ದೇನೆ. ಯಾವುದಕ್ಕೆ ಹೋಗಲಿ?

ಡೇಟಾಶೀಟ್_ಓದುಗ:

ಚಿಪ್ ಹೆಸರು ಕೊನೆಗೆ ಬರಲಿ. ಮೊದಲು ಒಂದು ಹಾಳೆಯಲ್ಲಿ ವೋಲ್ಟೇಜ್ ನಕ್ಷೆ ಬರೆಯಿರಿ. ಪ್ರತಿ ಭಾಗಕ್ಕೂ ಮೂರು ಅಂಕಿ: ಸಪ್ಲೈ ಎಷ್ಟರಿಂದ ಎಷ್ಟು, ಅದರ ಔಟ್‌ಪುಟ್ ಎಷ್ಟು ವೋಲ್ಟಿನವರೆಗೆ ಏರುತ್ತದೆ, ಅದರ ಇನ್‌ಪುಟ್ 'ಒಂದು' ಎಂದು ಒಪ್ಪಲು ಕನಿಷ್ಠ ಎಷ್ಟು ಬೇಕು. ಮೂರನೆಯದನ್ನೇ ಹೆಚ್ಚಿನವರು ಬಿಡುವುದು. 5 ವೋಲ್ಟಿನಲ್ಲಿ ಓಡುವ ಎಟಿಮೆಗಾ328ಪಿಗೆ ಅದು ಸಪ್ಲೈನ 0.6 ಪಟ್ಟು, ಅಂದರೆ 3.0 ವೋಲ್ಟ್. ಹಾಗಾಗಿ ರೇಡಿಯೋದ 3.3 ವೋಲ್ಟ್ ಸಿಗ್ನಲ್ ಹೇಗೋ ದಾಟುತ್ತದೆ. ಅದೇ 0.7 ಪಟ್ಟು ಕೇಳುವ ಚಿಪ್ ಆದರೆ 3.5 ವೋಲ್ಟ್ ಬೇಕು. ಮೇಜಿನ ಮೇಲೆ ನಡೆದದ್ದು ಬಿಸಿಲಿನ ಡಬ್ಬಿಯಲ್ಲಿ ನಿಂತುಹೋಗುತ್ತದೆ.

ನಿಮ್ಮ ಸೆಲ್ ವಿಷಯ. ಲಿಥಿಯಂ ಐರನ್ ಫಾಸ್ಫೇಟ್ ಚಾರ್ಜ್ ಆಗುವಾಗ 3.6–3.65 ವೋಲ್ಟ್ ತಲುಪುತ್ತದೆ, ಬಹುಪಾಲು ಸಮಯ 3.2–3.3ರಲ್ಲಿ ನಿಲ್ಲುತ್ತದೆ, 3.0ಕ್ಕಿಂತ ಕೆಳಗೆ ಉಳಿದಿರುವುದು ಅತ್ಯಲ್ಪ. ಇಷ್ಟು ಚಪ್ಪಟೆಯಾದ ರೇಖೆ ಸಿಕ್ಕಿರುವಾಗ 5ಕ್ಕೆ ಏರಿಸಿ ಆಮೇಲೆ ರೇಡಿಯೋಗೆಂದು 3.3ಕ್ಕೆ ಇಳಿಸುವುದು ಎರಡೂ ಕಡೆ ನಷ್ಟ. ನಿಮ್ಮ ಮೂರು ದಿನದ ಲೆಕ್ಕ ಇಲ್ಲೇ ಇದೆ: ಊನೋ ಬೋರ್ಡ್ ಸುಮ್ಮನೆ ಕೂತರೂ 45 ಮಿಲಿಆಂಪ್ ಹೀರುತ್ತದೆ. 5 ವೋಲ್ಟಿನ 45 ಎಂದರೆ, ಬೂಸ್ಟ್ 85% ದಕ್ಷವಾದರೆ, ಸೆಲ್ ಕಡೆಯಿಂದ ಸುಮಾರು 83 ಮಿಲಿಆಂಪ್. 6000ವನ್ನು 83ರಿಂದ ಭಾಗಿಸಿ, 72 ಗಂಟೆ.

ನೀವು ಹೇಳಿದ ಮೂರರ ಬಗ್ಗೆ:

ಇಎಸ್‌ಪಿ32 ಮಾಡ್ಯೂಲ್‌ಗೆ 3.0–3.6 ವೋಲ್ಟ್ ಬೇಕು. ವೈಫೈ ಪ್ರಸಾರದಲ್ಲಿ 240 ಮಿಲಿಆಂಪ್ ದಾಟುತ್ತದೆ, ಸಪ್ಲೈ 500 ಮಿಲಿಆಂಪ್ ಕೊಡುವಂತಿರಬೇಕು. ನಿಮಗೆ ವೈಫೈ ಬೇಡವೇ ಬೇಡ. ಡೆವ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿರುವ 1117 ಜಾತಿಯ ರೆಗ್ಯುಲೇಟರ್ ತಾನೊಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ, ಮೇಲಾಗಿ ಒಂದು ವೋಲ್ಟಿಗಿಂತ ಹೆಚ್ಚು ಡ್ರಾಪ್‌ಔಟ್ (ಔಟ್‌ಪುಟ್‌ಗಿಂತ ಇನ್‌ಪುಟ್ ಹೆಚ್ಚಿರಬೇಕಾದ ಅಂತರ) ಕೇಳುತ್ತದೆ. ಚಿಪ್ 10 ಮೈಕ್ರೋಆಂಪ್‌ನಲ್ಲಿ ಮಲಗಿದರೂ ಬೋರ್ಡ್ ಮಲಗುವುದಿಲ್ಲ.

ಪಿಕೋ: ಬೋರ್ಡಿನ ಮೇಲೆ ಬಕ್-ಬೂಸ್ಟ್ ಇರುವುದರಿಂದ 1.8–5.5 ವೋಲ್ಟ್ ಒಪ್ಪುತ್ತದೆ, ಅದು ಒಳ್ಳೆಯದೇ. ಆದರೆ ಆರ್‌ಪಿ2040 ಎಷ್ಟೇ ಆಳವಾಗಿ ಮಲಗಿದರೂ ನೂರೆಂಬತ್ತು ಮೈಕ್ರೋಆಂಪ್ ಆಸುಪಾಸಿನಲ್ಲೇ ಇರುತ್ತದೆ. ಎಡಿಸಿ (ಅನಲಾಗ್ ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) 12 ಬಿಟ್ ಎಂದು ಬರೆದಿದ್ದರೂ ನಿಜಕ್ಕೆ ಉಪಯೋಗಕ್ಕೆ ಬರುವುದು ಒಂಬತ್ತು ಬಿಟ್‌ಗಿಂತ ಕಡಿಮೆ.

ಬ್ಲೂ ಪಿಲ್‌ನ ಎಸ್‌ಟಿಎಂ32ಎಫ್103: 2.0–3.6 ವೋಲ್ಟ್, ಮೂರು ಯುಎಸ್‌ಎಆರ್‌ಟಿ (ಹಾರ್ಡ್‌ವೇರ್ ಸೀರಿಯಲ್ ಪೋರ್ಟ್), ಎರಡು ಎಸ್‌ಪಿಐ (ರೇಡಿಯೋ ಜೋಡಿಸುವ ಬಸ್). ಪೆರಿಫೆರಲ್ ಸಾಕು. ಆದರೆ '5 ವೋಲ್ಟ್ ತಡೆಯುತ್ತದೆ' ಎಂಬ ಮಾತನ್ನು ನಂಬಿ ಒತ್ತಡದ ಸೆನ್ಸರನ್ನು ನೇರ ಕೊಡಬೇಡಿ. ಆ ಗುಣ ಡೇಟಾಶೀಟ್‌ನಲ್ಲಿ ಎಫ್‌ಟಿ ಎಂದು ಗುರುತಿರುವ ಪಿನ್‌ಗಳಿಗೆ ಮಾತ್ರ, ಅದೂ ಡಿಜಿಟಲ್ ಇನ್‌ಪುಟ್ ಆಗಿದ್ದಾಗ, ಒಳಗಿನ ಪುಲ್ಅಪ್ (ಪಿನ್ನನ್ನು ಸಪ್ಲೈ ಕಡೆಗೆ ಎಳೆಯುವ ರೆಸಿಸ್ಟರ್) ಆಫ್ ಇದ್ದಾಗ. ಪಿಎ0ರಿಂದ ಪಿಎ7ರವರೆಗಿನ ಅನಲಾಗ್ ಪಿನ್‌ಗಳಿಗೆ ಅದಿಲ್ಲ.

ರೇಡಿಯೋ ಈಗಲೇ ಬದಲಿಸಿ. ನಮ್ಮ ದೇಶದಲ್ಲಿ ಲೋರಾಗೆ ಎಲ್ಲರೂ ಬಳಸುವುದು 865–867 ಮೆಗಾಹರ್ಟ್ಜ್, ಲೈಸೆನ್ಸ್ ಬೇಡ. ಎಸ್‌ಎಕ್ಸ್1278 ಮೇಲೆ 525 ಮೆಗಾಹರ್ಟ್ಜ್‌ವರೆಗೆ ಮಾತ್ರ ಹೋಗುತ್ತದೆ. ಎಸ್‌ಎಕ್ಸ್1276 ಇರುವ, 868ಕ್ಕೆ ಟ್ಯೂನ್ ಆದ ಮಾಡ್ಯೂಲ್ ತೆಗೆದುಕೊಳ್ಳಿ. ಪಿನ್, ಕೋಡ್ ಹೆಚ್ಚುಕಡಿಮೆ ಅದೇ, ಫ್ರೀಕ್ವೆನ್ಸಿ ಸಾಲು ಬದಲಾಗುತ್ತದೆ. ಆಂಟೆನಾ ತಂತಿ ಸುಮಾರು 8.2 ಸೆಂಟಿಮೀಟರ್. ಆಂಟೆನಾ ಹಾಕದೆ ಪ್ರಸಾರ ಮಾಡಬೇಡಿ.

ಹಳೇ_ಬೆಸುಗೆ:

ಮೇಲಿನವರ ನಕ್ಷೆ ಸರಿ. ಅದನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ: ಎವಿಆರ್128ಡಿಬಿ28 ನೋಡಿ. ಹತ್ತು ನೋಡ್, ಕೈ ಬೆಸುಗೆ, ಮಿಶ್ರ ವೋಲ್ಟೇಜ್, ಈ ಮೂರೂ ಒಟ್ಟಿಗೆ ಇರುವಾಗ ಇದಕ್ಕಿಂತ ಹೊಂದುವ ಚಿಪ್ ನನಗೆ ಕಾಣುವುದಿಲ್ಲ.

ಸಪ್ಲೈ 1.8ರಿಂದ 5.5 ವೋಲ್ಟ್, ಇಡೀ ವ್ಯಾಪ್ತಿಯಲ್ಲೂ 24 ಮೆಗಾಹರ್ಟ್ಜ್. (ಎಟಿಮೆಗಾ328ಪಿ 2.7 ವೋಲ್ಟಿನಲ್ಲಿ 10 ಮೆಗಾಹರ್ಟ್ಜ್ ಮಾತ್ರ. ಊನೋದ 16 ಮೆಗಾಹರ್ಟ್ಜ್ ಕ್ರಿಸ್ಟಲ್ ಹಾಗೇ ಇಟ್ಟು 3.3 ವೋಲ್ಟಿನಲ್ಲಿ ಓಡಿಸುವುದು ಡೇಟಾಶೀಟ್ ಮಿತಿಯ ಹೊರಗೆ.) 128 ಕಿಲೋಬೈಟ್ ಫ್ಲ್ಯಾಶ್, 16 ಕಿಲೋಬೈಟ್ ರ‍್ಯಾಮ್. ಲೋರಾವ್ಯಾನ್ (ಲೋರಾ ಮೇಲಿನ ನೆಟ್‌ವರ್ಕ್ ಪದ್ಧತಿ) ಸ್ಟ್ಯಾಕ್ ಹಾಕಿದರೆ 328ಪಿಯ 32 ಕಿಲೋಬೈಟ್ ಬಹುತೇಕ ಅಲ್ಲೇ ಮುಗಿಯುತ್ತದೆ, ಇಲ್ಲಿ ಆ ಚಿಂತೆಯಿಲ್ಲ. 28 ಪಿನ್ ಪ್ಯಾಕೇಜಿನಲ್ಲೇ ಮೂರು ಯುಎಸ್‌ಎಆರ್‌ಟಿ, ಎರಡು ಎಸ್‌ಪಿಐ, 12 ಬಿಟ್ ಎಡಿಸಿ, ಆರ್‌ಟಿಸಿ (ಚಿಪ್ ಮಲಗಿದಾಗಲೂ ಓಡುವ ಗಡಿಯಾರ). ಎಲ್ಲಕ್ಕಿಂತ ಮುಖ್ಯ, ಇದು ಡಿಪ್ ರೂಪದಲ್ಲಿ ಸಿಗುತ್ತದೆ. ಸಾಕೆಟ್ ಹಾಕಿ, ಸಿಡಿಲಿಗೆ ಸುಟ್ಟರೆ ಕಿತ್ತು ಬೇರೆ ಹಾಕಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರವಾಗುವ ಗುಣ ಇನ್ನೊಂದಿದೆ. ಈ ಚಿಪ್‌ನ ಸಿ ಪೋರ್ಟ್‌ಗೆ ಪ್ರತ್ಯೇಕ ಸಪ್ಲೈ ಪಿನ್ ಇದೆ, ಡೇಟಾಶೀಟ್‌ನಲ್ಲಿ ವಿಡಿಡಿಐಒ2 ಎಂದು ಕರೆಯುತ್ತಾರೆ. ಚಿಪ್ 3.2ರಲ್ಲಿ ಓಡುತ್ತಿರಲಿ, ಆ ಪಿನ್‌ಗೆ 5 ವೋಲ್ಟ್ ಕೊಟ್ಟರೆ ಸಿ ಪೋರ್ಟ್ 5 ವೋಲ್ಟ್ ಭಾಷೆ ಮಾತಾಡುತ್ತದೆ. ಲೆವೆಲ್ ಶಿಫ್ಟರ್ ಬೇಡ, ಈಗಿರುವ ಮ್ಯಾಕ್ಸ್485 ಬೋರ್ಡ್ ಎಸೆಯುವುದೂ ಬೇಡ.

ಇನ್ನೂ ಒಂದು ಲಾಭವಿದೆ, ಮೊದಲ ನೋಟಕ್ಕೆ ಕಾಣುವುದಿಲ್ಲ. ಮಲಗುವಾಗ 5 ವೋಲ್ಟ್ ರೈಲನ್ನು (ಸಪ್ಲೈ ಗೆರೆಯನ್ನು) ಆಫ್ ಮಾಡಲೇಬೇಕು. ಸಾಧಾರಣ ಚಿಪ್‌ನಲ್ಲಿ ಆಗ ಟಿಎಕ್ಸ್ ಪಿನ್ ಹೈ ಆಗಿ ಉಳಿದರೆ, ಸಪ್ಲೈ ಇಲ್ಲದ ಮ್ಯಾಕ್ಸ್485ರ ರಕ್ಷಣಾ ಡಯೋಡ್ ಮೂಲಕ ಕರೆಂಟ್ ಹಿಂಬಾಗಿಲಿನಿಂದ ಆ ರೈಲಿಗೆ ನುಗ್ಗುತ್ತದೆ. ಸೆಲ್ ಸೋರುತ್ತದೆ, ಟ್ರಾನ್ಸೀವರ್ ಅರ್ಧ ಜೀವದಲ್ಲಿರುತ್ತದೆ. ಇಲ್ಲಿ ವಿಡಿಡಿಐಒ2 ಬಿದ್ದೊಡನೆ ಸಿ ಪೋರ್ಟ್ ಪಿನ್‌ಗಳು ತಾವಾಗಿಯೇ ಟ್ರೈ-ಸ್ಟೇಟ್ (ಎತ್ತಲೂ ಎಳೆಯದೆ ಕಡಿದುಕೊಂಡ ಸ್ಥಿತಿ) ಆಗುತ್ತವೆ. ಚಿಪ್‌ನ ಫ್ಯೂಸ್‌ನಲ್ಲಿ (ಪ್ರೋಗ್ರಾಮರ್‌ನಿಂದ ಬರೆಯುವ ಸೆಟ್ಟಿಂಗ್) ಡ್ಯುಯಲ್ ಸಪ್ಲೈ ಆಯ್ಕೆ ಇರಬೇಕು, ಸಿಂಗಲ್‌ಗೆ ಬದಲಿಸಿಬಿಡಬೇಡಿ. 5 ವೋಲ್ಟ್ ಆನ್ ಮಾಡಿದ ಮೇಲೆ ಸ್ಟೇಟಸ್ ಬಿಟ್ 'ಸಪ್ಲೈ ಬಂತು' ಎನ್ನುವವರೆಗೆ ಕಾದು ನಂತರ ಯುಎಸ್‌ಎಆರ್‌ಟಿ ಶುರು ಮಾಡಿ.

ಸಿಆರ್‌ಸಿ ತಪ್ಪಿನ ಕಾರಣವನ್ನೂ ಹೇಳಿಬಿಡುತ್ತೇನೆ. 9600 ಬಾಡ್‌ನಲ್ಲಿ ಒಂದು ಬಿಟ್ 104 ಮೈಕ್ರೋಸೆಕೆಂಡ್. ಸಾಫ್ಟ್‌ವೇರ್ ಸೀರಿಯಲ್ ಸ್ಟಾರ್ಟ್ ಬಿಟ್ ಹಿಡಿಯುವ ಹೊತ್ತಿಗೆ ರೇಡಿಯೋದ್ದೋ ಮೀಟರಿನದ್ದೋ ಇಂಟರಪ್ಟ್ ನಡೆಯುತ್ತಿದ್ದರೆ ಸ್ಯಾಂಪಲ್ ಮಾಡುವ ಜಾಗ ಅಷ್ಟು ಹಿಂದೆ ಬೀಳುತ್ತದೆ, ಬೈಟ್ ಕೆಡುತ್ತದೆ. ಹಾರ್ಡ್‌ವೇರ್ ಯುಎಸ್‌ಎಆರ್‌ಟಿಯಲ್ಲಿ ಇದು ಹುಟ್ಟುವುದೇ ಇಲ್ಲ. ಮೇಲಾಗಿ ಈ ಚಿಪ್‌ನ ಯುಎಸ್‌ಎಆರ್‌ಟಿಗೆ ಆರ್‌ಎಸ್-485 ಮೋಡ್ ಇದೆ: ಕಳಿಸುವಾಗ ಎಕ್ಸ್‌ಡಿಐಆರ್ ಪಿನ್ ತಾನೇ ಮೇಲೇರಿ, ಕೊನೆಯ ಸ್ಟಾಪ್ ಬಿಟ್ ಮುಗಿದೊಡನೆ ಇಳಿಯುತ್ತದೆ. ಕೋಡ್‌ನಲ್ಲಿ ಡಿಲೇ ಹಾಕಿ ಮ್ಯಾಕ್ಸ್485ರ ಡಿಇ (ಕಳಿಸಲು ಅನುಮತಿ) ಪಿನ್ ಕುಣಿಸುವ ಕೆಲಸ ಹೋಯಿತು.

ಮೈಕ್ರೋಆಂಪ್:

ಎವಿಆರ್ ಡಿಬಿ ಒಳ್ಳೆಯ ಆಯ್ಕೆ, ತಕರಾರಿಲ್ಲ. ಆದರೆ ಎಸ್‌ಟಿಎಂ32ಡಬ್ಲ್ಯುಎಲ್ ಹೆಸರು ಈ ಚರ್ಚೆಯಲ್ಲಿ ಇರಲೇಬೇಕು. ಲೋರಾ ರೇಡಿಯೋ ಚಿಪ್‌ನೊಳಗೇ ಇದೆ. 1.8–3.6 ವೋಲ್ಟ್, 256 ಕಿಲೋಬೈಟ್ ಫ್ಲ್ಯಾಶ್, 64 ಕಿಲೋಬೈಟ್ ರ‍್ಯಾಮ್, ಆರ್‌ಟಿಸಿ ಓಡುತ್ತಾ ಸ್ಟಾಪ್2 ಸ್ಥಿತಿಯಲ್ಲಿ ಸುಮಾರು 1 ಮೈಕ್ರೋಆಂಪ್. ಇದರ ಎಲ್‌ಪಿಟಿಮ್ ಟೈಮರ್ ಚಿಪ್ ಮಲಗಿರುವಾಗಲೇ ಹೊರಗಿನ ಪಲ್ಸ್ ಎಣಿಸುತ್ತದೆ, ಮೀಟರಿಗೆ ಹೇಳಿ ಮಾಡಿಸಿದ ಹಾಗೆ. ನೂರು ಬೋರ್ಡ್ ಮಾಡಿಸುವುದಾದರೆ ನಾನು ಇದನ್ನೇ ಹೇಳುತ್ತಿದ್ದೆ. ಹತ್ತಕ್ಕೆ ಬೇಡ: ಬರಿಯ ಚಿಪ್ ಐರನ್‌ಗೆ ಬಗ್ಗುವ ಪ್ಯಾಕೇಜಲ್ಲ, ಮಾಡ್ಯೂಲ್ ತೆಗೆದುಕೊಂಡರೆ ಅದರ ಆಂಟೆನಾ ಸ್ವಿಚ್ ಯಾವ ಪಿನ್‌ನಲ್ಲಿದೆ, ಟಿಸಿಎಕ್ಸ್‌ಒಗೆ (ತಾಪಮಾನ ಬದಲಾದರೂ ಸ್ಥಿರವಾಗಿರುವ ಆಸಿಲೇಟರ್) ಎಷ್ಟು ವೋಲ್ಟ್ ಎಂಬುದನ್ನು ಒಂದೊಂದಾಗಿ ಹೊಂದಿಸಬೇಕು. ಎಟಿ ಕಮಾಂಡ್ ಫರ್ಮ್‌ವೇರ್ ತುಂಬಿ ಬರುವ ಮಾಡ್ಯೂಲ್‌ಗಳಲ್ಲಿ ರೀಡ್ ಪ್ರೊಟೆಕ್ಷನ್ ತೆಗೆದು ಪೂರ್ತಿ ಅಳಿಸಿದ ಮೇಲಷ್ಟೇ ನಿಮ್ಮ ಕೋಡ್ ಹೋಗುತ್ತದೆ. ಮೇಲಾಗಿ 5 ವೋಲ್ಟ್ ಭಾಗಗಳನ್ನೆಲ್ಲ ಬದಲಿಸಬೇಕು.

ಎರಡನೆಯ ಮಾತು. ಚಿಪ್ 1 ಮೈಕ್ರೋಆಂಪ್‌ನಲ್ಲಿ ಮಲಗುತ್ತದೋ 5ರಲ್ಲೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಆ ವ್ಯತ್ಯಾಸ ದಿನಕ್ಕೆ 0.1 ಮಿಲಿಆಂಪ್-ಅವರ್. ನಿಜವಾದ ಖರ್ಚು ಎಲ್ಲಿದೆ ನೋಡಿ. ಒಂದು ಸಲ ಎದ್ದಾಗ:

5 ವೋಲ್ಟ್ ಕಡೆ ಪ್ರೋಬ್, ಒತ್ತಡದ ಸೆನ್ಸರ್, ಮ್ಯಾಕ್ಸ್485 ಸೇರಿ 40 ಮಿಲಿಆಂಪ್ ಎಂದಿಟ್ಟುಕೊಳ್ಳಿ. ಸೆಲ್ ಕಡೆ ಅದು 74. ಪ್ರೋಬ್ ಸ್ಥಿರವಾಗಲು ಎರಡು ಸೆಕೆಂಡ್ ಕೊಟ್ಟರೆ 148 ಮಿಲಿಆಂಪ್-ಸೆಕೆಂಡ್.
ಲೋರಾ ಪೂರ್ಣ ಶಕ್ತಿಯಲ್ಲಿ 120 ಮಿಲಿಆಂಪ್, ಸ್ಪ್ರೆಡಿಂಗ್ ಫ್ಯಾಕ್ಟರ್ (ಹೆಚ್ಚಿಸಿದಷ್ಟೂ ದೂರ ಹೋಗುವ, ನಿಧಾನವಾಗುವ ಲೋರಾ ಸೆಟ್ಟಿಂಗ್) 9ರಲ್ಲಿ ಸಣ್ಣ ಪ್ಯಾಕೆಟ್‌ಗೆ ಸುಮಾರು 0.2 ಸೆಕೆಂಡ್: 24.
ಮೈಕ್ರೋಕಂಟ್ರೋಲರ್ 5 ಮಿಲಿಆಂಪ್, ಎರಡೂವರೆ ಸೆಕೆಂಡ್: 12.5.

ಒಟ್ಟು 185ರ ಸುಮಾರು. ದಿನಕ್ಕೆ 96 ಸಲ, ಅಂದರೆ 4.9 ಮಿಲಿಆಂಪ್-ಅವರ್. ನಿದ್ದೆಯಲ್ಲಿ ಇಡೀ ಬೋರ್ಡ್ 15 ಮೈಕ್ರೋಆಂಪ್ ಹೀರಿದರೂ ದಿನಕ್ಕೆ 0.36 ಮಾತ್ರ. ಸೆಲ್‌ನ 80% ಬಳಸಿದರೆ ಪ್ಯಾನೆಲ್ ಇಲ್ಲದೆಯೇ ಎರಡು ವರ್ಷಕ್ಕೂ ಮೇಲೆ. ಅಂದರೆ ಉಳಿಸಬೇಕಾದ ಜಾಗ ಆ ಎರಡು ಸೆಕೆಂಡ್. ಪ್ರೋಬ್‌ಗೆ ಒಂದು ಸೆಕೆಂಡ್ ಸಾಕೇ ಎಂದು ಪರೀಕ್ಷಿಸಿ: ಆನ್ ಮಾಡಿದ ಮೇಲೆ 200 ಮಿಲಿಸೆಕೆಂಡ್‌ಗೊಮ್ಮೆ ಓದಿ, ಅಂಕಿ ಎಲ್ಲಿ ನಿಲ್ಲುತ್ತದೆಂದು ನೋಡಿ.

ಮೀಟರಿನ ರೀಡ್ ಸ್ವಿಚ್‌ಗೆ ಒಳಗಿನ ಪುಲ್ಅಪ್ ಬಳಸಬೇಡಿ. ಅದು ಸುಮಾರು 35 ಕಿಲೋಓಮ್. ನೀರು ನಿಂತಾಗ ಅಯಸ್ಕಾಂತ ಸರಿಯಾಗಿ ಸ್ವಿಚ್ ಮೇಲೆಯೇ ನಿಂತರೆ ಮರುದಿನ ನೀರು ಬಿಡುವವರೆಗೂ 90 ಮೈಕ್ರೋಆಂಪ್ ಹರಿಯುತ್ತಿರುತ್ತದೆ, ಇಡೀ ಬೋರ್ಡಿನ ನಿದ್ದೆಯ ಖರ್ಚಿನ ಆರು ಪಟ್ಟು. ಹೊರಗಿನಿಂದ 1 ಮೆಗಾಓಮ್ ಪುಲ್ಅಪ್, ಪಿನ್‌ನಿಂದ ನೆಲಕ್ಕೆ 10 ನ್ಯಾನೋಫ್ಯಾರಡ್. ಬೌನ್ಸ್ ಕೂಡ ಅಲ್ಲೇ ಅಡಗುತ್ತದೆ.

ಸೋಲಾರ್ ಚಾರ್ಜರ್ ಯಾವುದು ಹಾಕಿದ್ದೀರಿ? ಎಲ್ಲ ಅಂಗಡಿಯಲ್ಲೂ ಸಿಗುವ ಟಿಪಿ4056 ಆಗಿದ್ದರೆ ಇವತ್ತೇ ತೆಗೆಯಿರಿ. ಅದು 4.2 ವೋಲ್ಟ್‌ವರೆಗೆ ತಳ್ಳುತ್ತದೆ. ನಿಮ್ಮ ಸೆಲ್‌ನ ಮಿತಿ 3.65, ಎಸ್‌ಎಕ್ಸ್1276ರ ಮಿತಿ 3.7. ಸಿಎನ್3058ಇ ಈ ಜಾತಿಯ ಸೆಲ್‌ಗೆಂದೇ ಇರುವ, 3.6 ವೋಲ್ಟಿನಲ್ಲಿ ನಿಲ್ಲುವ ಚಾರ್ಜರ್.

ತೋಟದಮನೆ:

ಎಲ್ಲರಿಗೂ ವಂದನೆ. ಚಾರ್ಜರ್ ಟಿಪಿ4056ವೇ ಆಗಿತ್ತು, ತೆಗೆದಾಯಿತು. ಎವಿಆರ್128ಡಿಬಿ28 ಎಂದು ತೀರ್ಮಾನ. ಮೂರು ಅನುಮಾನ ಉಳಿದಿವೆ.

1. ಸಿ ಪೋರ್ಟ್ 5 ವೋಲ್ಟ್ ಒಪ್ಪುತ್ತದೆ ಎಂದರೆ ಒತ್ತಡದ ಸೆನ್ಸರಿನ 4.5 ವೋಲ್ಟನ್ನೂ ಅಲ್ಲಿಗೇ ಕೊಡಬಹುದೇ?
2. ಪಿನ್ ಸಾಕಾಗುತ್ತವೆಯೇ?
3. ವಾಲ್ವ್‌ಗೆ 9 ವೋಲ್ಟ್ ಹೇಗೆ?

ಹಳೇ_ಬೆಸುಗೆ:

1. ಆಗುವುದಿಲ್ಲ. ಸಿ ಪೋರ್ಟ್‌ನಲ್ಲಿ ಎಡಿಸಿ ಇಲ್ಲ, ಅಲ್ಲಿನ 5 ವೋಲ್ಟ್ ಸವಲತ್ತು ಡಿಜಿಟಲ್‌ಗೆ ಮಾತ್ರ. ಅನಲಾಗ್ ಡಿ ಪೋರ್ಟ್‌ಗೆ ಬರಬೇಕು, ಅದು ಚಿಪ್‌ನ ಸಪ್ಲೈ ಮೀರಬಾರದು. ಡಿವೈಡರ್ (ವೋಲ್ಟೇಜ್ ಇಳಿಸುವ ರೆಸಿಸ್ಟರ್ ಜೋಡಿ) ಹಾಕಿ: ಮೇಲೆ 12 ಕಿಲೋಓಮ್, ಕೆಳಗೆ 10 ಕಿಲೋಓಮ್, ಎರಡೂ 1%. 4.5 ವೋಲ್ಟ್ 2.05 ಆಗುತ್ತದೆ, 0.5 ವೋಲ್ಟ್ 0.23 ಆಗುತ್ತದೆ.

ಆದರೆ ಒಂದು ಡಿವೈಡರ್ ಸಾಲದು. ಈ ಸೆನ್ಸರ್ ರೇಷಿಯೋಮೆಟ್ರಿಕ್. ಅದರ ಔಟ್‌ಪುಟ್ ಸಪ್ಲೈನ 10%ರಿಂದ 90%, ಖಚಿತ 0.5ರಿಂದ 4.5 ಅಲ್ಲ. ಅಗ್ಗದ ಬೂಸ್ಟ್ ಬೋರ್ಡ್ 5ರ ಬದಲು 4.85 ಕೊಟ್ಟರೆ 3% ತಪ್ಪು ಸುಮ್ಮನೆ ಬಂದು ಸೇರುತ್ತದೆ. ಹಾಗಾಗಿ 5 ವೋಲ್ಟ್ ರೈಲಿಗೂ ಅಂಥದ್ದೇ ಡಿವೈಡರ್ ಹಾಕಿ ಇನ್ನೊಂದು ಚಾನೆಲ್‌ನಲ್ಲಿ ಓದಿ, ಭಾಗಿಸಿ. ಅನುಪಾತ 0.1 ಬಂದರೆ 0 ಬಾರ್, 0.9 ಬಂದರೆ 10 ಬಾರ್. ಸೂತ್ರ: ಅನುಪಾತದಿಂದ 0.1 ಕಳೆದು 12.5ರಿಂದ ಗುಣಿಸಿ. ಎರಡೂ ಓದು ಒಂದೇ ರೆಫರೆನ್ಸ್‌ನಲ್ಲಿ ಆಗುವುದರಿಂದ ಎಡಿಸಿ ರೆಫರೆನ್ಸ್ ಆಗಿ ಚಿಪ್‌ನ ಸಪ್ಲೈಯನ್ನೇ ಇಟ್ಟರೂ ಅದು ಕಳೆದುಹೋಗುತ್ತದೆ. 3.0 ವೋಲ್ಟ್ ಸಪ್ಲೈಯಲ್ಲಿ 0–10 ಬಾರ್‌ಗೆ ಸುಮಾರು 2480 ಹೆಜ್ಜೆ ಸಿಗುತ್ತವೆ, ಹೆಜ್ಜೆಗೆ 4 ಮಿಲಿಬಾರ್. ಡ್ರಿಪ್ ಲೈನಿಗೆ ಇದು ಧಾರಾಳ. ರೆಸಿಸ್ಟರ್‌ಗಳ ವ್ಯತ್ಯಾಸ ಉಳಿಯುತ್ತದೆ, ನೀರಿಲ್ಲದಾಗ ಒಮ್ಮೆ ಸೊನ್ನೆ ಹೊಂದಿಸಿ ಈಪ್ರಾಮ್‌ನಲ್ಲಿ ಬರೆದಿಡಿ.

2. ಸಾಕು. ಹೀಗೆ ಹಂಚಿ:

ಪಿಎ0 ಡೀಬಗ್ ಟಿಎಕ್ಸ್, ಪಿಎ1 ರೇಡಿಯೋ ರೀಸೆಟ್, ಪಿಎ2 ರೇಡಿಯೋದ ಡಿಐಒ0 (ಕೆಲಸ ಮುಗಿದ ಸೂಚನೆ), ಪಿಎ3 9 ವೋಲ್ಟ್ ಬೂಸ್ಟ್ ಸ್ವಿಚ್, ಪಿಎ4ರಿಂದ ಪಿಎ6 ಎಸ್‌ಪಿಐ, ಪಿಎ7 ರೇಡಿಯೋ ಸೆಲೆಕ್ಟ್.
ಪಿಸಿ0 ಟಿಎಕ್ಸ್, ಪಿಸಿ1 ಆರ್‌ಎಕ್ಸ್, ಪಿಸಿ3 ಮ್ಯಾಕ್ಸ್485ರ ಡಿಇ ಮತ್ತು ಆರ್‌ಇ (ಪಡೆಯಲು ಅನುಮತಿ) ಎರಡಕ್ಕೂ. ಪಿಸಿ2 ಸದ್ಯಕ್ಕೆ ಖಾಲಿ.
ಪಿಡಿ1 ಒತ್ತಡ, ಪಿಡಿ2 ವಾಲ್ವ್ ಡ್ರೈವರಿನ ಸ್ಲೀಪ್, ಪಿಡಿ3 5 ವೋಲ್ಟ್ ಅಳತೆ, ಪಿಡಿ4 ಮತ್ತು ಪಿಡಿ7 ಡ್ರೈವರಿನ ಎರಡು ಇನ್‌ಪುಟ್, ಪಿಡಿ5 5 ವೋಲ್ಟ್ ಬೂಸ್ಟ್ ಸ್ವಿಚ್, ಪಿಡಿ6 ಮೀಟರ್.
ಪಿಎಫ್0, ಪಿಎಫ್1 32.768 ಕಿಲೋಹರ್ಟ್ಜ್ ಕ್ರಿಸ್ಟಲ್.

ಮೀಟರನ್ನು ಪಿಡಿ6ಕ್ಕೆ, ಡಿಐಒ0ಯನ್ನು ಪಿಎ2ಕ್ಕೆ ಇಟ್ಟದ್ದು ಬೇಕೆಂದೇ. ಈ ಕುಟುಂಬದಲ್ಲಿ ಪ್ರತಿ ಪೋರ್ಟ್‌ನ 2 ಮತ್ತು 6ನೇ ಪಿನ್‌ಗಳು ಮಾತ್ರ ಪೂರ್ಣ ಅಸಿಂಕ್ರೊನಸ್ (ಕ್ಲಾಕ್ ನಿಂತಿದ್ದರೂ ಅಂಚು ಗುರುತಿಸುವವು). ಬೇರೆ ಪಿನ್‌ಗಳಲ್ಲಿ 'ಬೀಳುವ ಅಂಚು' ಎಂದು ಮಾತ್ರ ಇಂಟರಪ್ಟ್ ಇಟ್ಟರೆ ಎಚ್ಚರವಿರುವಾಗ ಚೆನ್ನಾಗಿ ಕೆಲಸ ಮಾಡಿ, ಆಳನಿದ್ದೆಯಲ್ಲಿ ಏಳಿಸುವುದೇ ಇಲ್ಲ. ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ದಿನಗಟ್ಟಲೆ ಕೂರಬೇಕಾಗುತ್ತದೆ.

ಸಪ್ಲೈ ಪಿನ್‌ಗಳು ಮೂರು: ವಿಡಿಡಿ, ಎವಿಡಿಡಿ, ವಿಡಿಡಿಐಒ2. ಮೂರಕ್ಕೂ ಬೇರೆ ಬೇರೆ 100 ನ್ಯಾನೋಫ್ಯಾರಡ್. ಎವಿಡಿಡಿಯನ್ನು ವಿಡಿಡಿಗೇ ಸೇರಿಸಿ. ಬ್ರೌನ್‌ಔಟ್ (ಸಪ್ಲೈ ಇಳಿದಾಗ ಚಿಪ್ ರೀಸೆಟ್ ಆಗುವ ಮಿತಿ) 2.45 ವೋಲ್ಟ್‌ಗೆ ಇಡಿ.

3. ವಾಲ್ವ್‌ಗೆ ಎಂಟಿ3608 ಬೂಸ್ಟ್ ಬೋರ್ಡನ್ನು 9 ವೋಲ್ಟ್‌ಗೆ ಹೊಂದಿಸಿ, 22 ಓಮ್ ಮೂಲಕ 4700 ಮೈಕ್ರೋಫ್ಯಾರಡ್, 16 ವೋಲ್ಟಿನ ಕೆಪಾಸಿಟರ್ ತುಂಬಿಸಿ. ಅರ್ಧ ಸೆಕೆಂಡ್ ಸಾಕು. ಆ ಕೆಪಾಸಿಟರಿನಿಂದ ಡಿಆರ್‌ವಿ8833 ಡ್ರೈವರ್ (ಕಾಯಿಲ್‌ಗೆ ಎರಡೂ ದಿಕ್ಕಿನಲ್ಲಿ ಕರೆಂಟ್ ಕೊಡುವ ಚಿಪ್), ಅದರಿಂದ ಕಾಯಿಲ್. ಮೊದಲ ಕ್ಷಣ 9 ಭಾಗ 6, ಒಂದೂವರೆ ಆಂಪ್. 30 ಮಿಲಿಸೆಕೆಂಡ್ ಪಲ್ಸ್ ಕೊಡಿ. ಅಷ್ಟರಲ್ಲಿ ಕೆಪಾಸಿಟರ್ 3 ವೋಲ್ಟಿನ ಹತ್ತಿರಕ್ಕೆ ಇಳಿದಿರುತ್ತದೆ. ಈ ಡ್ರೈವರ್ 2.7 ವೋಲ್ಟ್‌ವರೆಗೂ ಕೆಲಸ ಮಾಡುವುದರಿಂದಲೇ ಇದನ್ನು ಹೇಳಿದ್ದು. 6 ವೋಲ್ಟಿಗೇ ಕೈಬಿಡುವ ಡಿಆರ್‌ವಿ8871 ಹಾಕಿದರೆ ಪಲ್ಸ್ ಅರ್ಧಕ್ಕೇ ಕತ್ತರಿಸುತ್ತದೆ, ವಾಲ್ವ್ ಒಮ್ಮೆ ತಿರುಗುತ್ತದೆ, ಒಮ್ಮೆ ಇಲ್ಲ. ಇನ್ನೊಂದು ಕಡೆಯ ಮಿತಿ ನೆನಪಿರಲಿ: 8833ಕ್ಕೆ 10.8 ವೋಲ್ಟ್ ಮೀರಬಾರದು. ಬೂಸ್ಟ್ ಬೋರ್ಡಿನ ಪ್ರಿಸೆಟ್ಟನ್ನು ಡ್ರೈವರ್ ಜೋಡಿಸುವ ಮೊದಲೇ ಮೀಟರ್ ಹಿಡಿದು ತಿರುಗಿಸಿ. ಡ್ರೈವರ್ ಬೋರ್ಡ್‌ನಲ್ಲಿ ಸ್ಲೀಪ್ ಪಿನ್ನನ್ನು ಮೇಲೆ ಎಳೆದಿಡುವ ಜಂಪರ್ ಇದ್ದರೆ ಕತ್ತರಿಸಿ.

ಎರಡೂ ಬೂಸ್ಟ್‌ಗಳಿಗೆ ಮುಂದೆ ಎಒ3401 ಪಿ-ಮಾಸ್‌ಫೆಟ್ (ಸಪ್ಲೈ ಕಡಿಯುವ ಟ್ರಾನ್ಸಿಸ್ಟರ್ ಸ್ವಿಚ್) ಬೇಕೇ ಬೇಕು. ಎಂಟಿ3608 ಆಫ್ ಆದಾಗಲೂ ಇಂಡಕ್ಟರ್, ಡಯೋಡ್ ಮೂಲಕ ಸೆಲ್‌ನ ವೋಲ್ಟೇಜ್ ಆಚೆಗೆ ಹರಿಯುತ್ತಲೇ ಇರುತ್ತದೆ, ಅಂದರೆ ಪ್ರೋಬ್ ಎಂದೂ ಆಫ್ ಆಗುವುದಿಲ್ಲ. ಗೇಟ್‌ನಿಂದ ಸೋರ್ಸ್‌ಗೆ 100 ಕಿಲೋಓಮ್ ಮತ್ತು 100 ನ್ಯಾನೋಫ್ಯಾರಡ್, ಪಿನ್‌ನಿಂದ ಗೇಟ್‌ಗೆ 10 ಕಿಲೋಓಮ್. ಈ ಕೆಪಾಸಿಟರ್ ಇಲ್ಲದಿದ್ದರೆ ಬೂಸ್ಟ್ ಬೋರ್ಡಿನ ಕೆಪಾಸಿಟರ್‌ಗಳು ಒಂದೇಟಿಗೆ ತುಂಬಿ, ಸೆಲ್ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗುತ್ತದೆ.

ಲ್ಯಾಚಿಂಗ್ ವಾಲ್ವ್ ವಿದ್ಯುತ್ ಹೋದರೂ ಇದ್ದ ಸ್ಥಿತಿಯಲ್ಲೇ ಇರುತ್ತದೆ. ಸೆಲ್ 3.1 ವೋಲ್ಟಿಗೆ ಇಳಿದಾಗ ಮೊದಲು ವಾಲ್ವ್ ಮುಚ್ಚಿ, ಆಮೇಲೆ ತೆರೆಯುವ ಆದೇಶ ಬಂದರೂ ಕೇಳದ ಹಾಗೆ ಕೋಡ್ ಬರೆಯಿರಿ. ಇಲ್ಲದಿದ್ದರೆ ಸೆಲ್ ಸತ್ತ ರಾತ್ರಿ ಬಾವಿಯೇ ಖಾಲಿಯಾಗುತ್ತದೆ.

ಪ್ರೋಗ್ರಾಂ ಹಾಕಲು ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಒಂದು, ಷಾಟ್ಕಿ ಡಯೋಡ್ ಒಂದು, 470 ಓಮ್ ಒಂದು ಸಾಕು, ಯುಪಿಡಿಐ (ಪ್ರೋಗ್ರಾಂ ತುಂಬುವ) ಪಿನ್‌ಗೆ. ಆರ್ಡುಯಿನೋದಲ್ಲಿ ಡಿಎಕ್ಸ್‌ಕೋರ್ (ಈ ಚಿಪ್ ಕುಟುಂಬದ ಬೆಂಬಲ ಪ್ಯಾಕೇಜ್) ಸೇರಿಸಿಕೊಳ್ಳಿ. ಅಡಾಪ್ಟರಿನ ಜಂಪರ್ 3.3ರಲ್ಲಿದೆಯೇ ಎಂದು ಪ್ರತಿ ಸಲ ನೋಡಿ. 5ರಲ್ಲಿಟ್ಟು ಬೋರ್ಡಿಗೆ ಸಪ್ಲೈ ಕೊಟ್ಟರೆ ಎವಿಆರ್‌ಗೆ ಏನೂ ಆಗುವುದಿಲ್ಲ, ರೇಡಿಯೋ ಸಾಯುತ್ತದೆ.

ಡೇಟಾಶೀಟ್_ಓದುಗ:

ಆರ್‌ಎಸ್-485 ಕೇಬಲ್ ತೋಟದ ನೆಲದಲ್ಲಿ ಮೀಟರುಗಟ್ಟಲೆ ಮಲಗಿರುತ್ತದೆ, ಮುಂಗಾರು ಮುಂಚಿನ ಸಿಡಿಲು ಅದರಿಂದಲೇ ಒಳಗೆ ಬರುವುದು. ಎ, ಬಿ ತಂತಿಗಳಿಗೆ ಎಸ್‌ಎಂ712 ರಕ್ಷಣಾ ಡಯೋಡ್ ಹಾಕಿ, ಡಬ್ಬಿಗೆ ತಂತಿ ಬರುವ ಜಾಗದಲ್ಲೇ.

ಇನ್ನೊಂದು. ಮಣ್ಣಿಗೆ ಕಡಿಮೆ ಬೆಲೆಯ ಕೆಪಾಸಿಟಿವ್ ಸೆನ್ಸರ್ ಸೇರಿಸುವ ಯೋಚನೆ ಮುಂದೆ ಬಂದರೆ ಅದರ ಮೇಲಿನ ಟೈಮರ್ ಚಿಪ್ ಓದಿ ಕೊಂಡುಕೊಳ್ಳಿ. ಟಿಎಲ್‌ಸಿ555 ಇದ್ದರೆ 3.3 ವೋಲ್ಟಿನಲ್ಲಿ ನಡೆಯುತ್ತದೆ. ಎನ್‌ಇ555 ಇದ್ದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು. ನೋಡಲು ಎರಡೂ ಬೋರ್ಡ್ ಒಂದೇ ಥರ.

ಮೈಕ್ರೋಆಂಪ್:

ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ರೇಡಿಯೋ ನೇರ ಸೆಲ್ ಮೇಲೆ ಕೂತರೆ ಚಾರ್ಜ್ ಹೊತ್ತಿನ 3.65ಕ್ಕೂ ಅದರ 3.7 ಮಿತಿಗೂ ನಡುವೆ ಉಳಿಯುವುದು 50 ಮಿಲಿವೋಲ್ಟ್. ಹೋಲ್ಡರಿನಲ್ಲಿ ಸೆಲ್ ಒಮ್ಮೆ ಸಡಿಲವಾಗಿ ಚಾರ್ಜರ್ ಮಾತ್ರ ಉಳಿದರೆ ಆ ಅಂತರವೂ ಇರುವುದಿಲ್ಲ. ಎಂಸಿಪಿ1700 ರೆಗ್ಯುಲೇಟರಿನ 3.0 ವೋಲ್ಟ್ ಆವೃತ್ತಿ ಹಾಕಿ, ಎವಿಆರ್ ಮತ್ತು ರೇಡಿಯೋ ಎರಡಕ್ಕೂ ಅದರಿಂದಲೇ ಕೊಡಿ. ತಾನು ಹೀರುವುದು 1.6 ಮೈಕ್ರೋಆಂಪ್, ಕೊಡಬಲ್ಲದ್ದು 250 ಮಿಲಿಆಂಪ್. ಒಳಗೆ ಹೊರಗೆ ತಲಾ 1 ಮೈಕ್ರೋಫ್ಯಾರಡ್ ಸೆರಾಮಿಕ್, ರೇಡಿಯೋ ಪಕ್ಕ 10 ಮೈಕ್ರೋಫ್ಯಾರಡ್. ಪೂರ್ಣ ಶಕ್ತಿಯ ಪ್ರಸಾರಕ್ಕೆ ಎಸ್‌ಎಕ್ಸ್1276 ಕೇಳುವುದು ಕನಿಷ್ಠ 2.4 ವೋಲ್ಟ್, ಹಾಗಾಗಿ 3.0 ಸಾಕು. ಎರಡಕ್ಕೂ ಒಂದೇ ರೈಲು ಎಂಬುದನ್ನು ಮರೆಯಬೇಡಿ. ರೇಡಿಯೋಗೆ ಮಾತ್ರ ರೆಗ್ಯುಲೇಟರ್ ಹಾಕಿದರೆ ಎಸ್‌ಪಿಐ ಗೆರೆಗಳಲ್ಲಿ 3.6 ವೋಲ್ಟ್ ಹೋಗಿ 3.0 ವೋಲ್ಟಿನ ರೇಡಿಯೋ ಒಳಗೆ ನುಗ್ಗುತ್ತದೆ.

ಹಳೇ_ಬೆಸುಗೆ:

ಒಪ್ಪಿದೆ, ರೆಗ್ಯುಲೇಟರ್ ಹಾಕುವುದೇ ಸರಿ. ಆದರೆ ಹಾಕಿದೊಡನೆ ನಾನು ಮೇಲೆ ಬರೆದ ಎರಡು ಕಡೆ ತಿದ್ದಬೇಕಾಗುತ್ತದೆ.

ಮೊದಲನೆಯದು ಮಾಸ್‌ಫೆಟ್ ಗೇಟ್. ಎಒ3401ರ ಸೋರ್ಸ್ ಸೆಲ್ ಮೇಲಿದೆ, ಚಾರ್ಜ್ ಹೊತ್ತಿಗೆ 3.6 ವೋಲ್ಟ್. ಪಿನ್ ಹೈ ಎಂದರೆ ಇನ್ನು 3.0 ಮಾತ್ರ. ನಡುವೆ 0.6 ವೋಲ್ಟ್ ಉಳಿಯಿತು, ಈ ಮಾಸ್‌ಫೆಟ್ 0.5ಕ್ಕೇ ಬಾಯಿ ತೆರೆಯಲು ಶುರು ಮಾಡಬಹುದು. ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಮಾತ್ರ ಬೂಸ್ಟ್ ಅರೆಬರೆ ಆನ್ ಆಗಿ ಸೆಲ್ ಸೋರುವ ವಿಚಿತ್ರ ತೊಂದರೆ ಇದು. ಪಿನ್‌ನಿಂದ ನೇರ ಗೇಟ್‌ಗೆ ಹೋಗದೆ ನಡುವೆ ಒಂದು ಬಿಎಸ್‌ಎಸ್138 ಎನ್-ಮಾಸ್‌ಫೆಟ್ ಹಾಕಿ: ಅದರ ಗೇಟ್ ಪಿನ್‌ಗೆ, ಸೋರ್ಸ್ ನೆಲಕ್ಕೆ, ಡ್ರೇನ್ 10 ಕಿಲೋಓಮ್ ಮೂಲಕ 3401ರ ಗೇಟ್‌ಗೆ. 100 ಕಿಲೋಓಮ್, 100 ನ್ಯಾನೋಫ್ಯಾರಡ್ ಇದ್ದಲ್ಲೇ ಇರಲಿ. ಬಿಎಸ್‌ಎಸ್138ರ ಗೇಟ್‌ನಿಂದ ನೆಲಕ್ಕೆ 1 ಮೆಗಾಓಮ್ ಹಾಕಿದರೆ ಚಿಪ್ ರೀಸೆಟ್‌ನಲ್ಲಿರುವಾಗಲೂ ಆಫ್ ಆಗಿಯೇ ಇರುತ್ತದೆ. ತರ್ಕ ತಿರುಗುತ್ತದೆ, ಇನ್ನು ಪಿನ್ ಹೈ ಎಂದರೆ ಆನ್. ಕೋಡ್‌ನಲ್ಲಿ ಪಿಎ3, ಪಿಡಿ5 ಎರಡನ್ನೂ ಬದಲಿಸಿ.

ಎರಡನೆಯದು ಸೆಲ್ ಅಳತೆ. ಸೆಲ್ ನೇರ ಕೊಟ್ಟಿದ್ದರೆ ಚಿಪ್‌ನೊಳಗಿನ ಹತ್ತನೇ ಒಂದು ಡಿವೈಡರಿನಿಂದ ಸಪ್ಲೈ ಓದಿ ಮುಗಿಸಬಹುದಿತ್ತು. ಈಗ ಅದು ಯಾವಾಗಲೂ 3.0 ಎನ್ನುತ್ತದೆ, 3.1ಕ್ಕೆ ವಾಲ್ವ್ ಮುಚ್ಚುವ ಕೋಡ್ ಎಂದೂ ಓಡುವುದಿಲ್ಲ. ಸೆಲ್‌ನಿಂದ 1 ಮೆಗಾಓಮ್, 1 ಮೆಗಾಓಮ್ ಡಿವೈಡರ್, ನಡುವಿನಿಂದ ನೆಲಕ್ಕೆ 100 ನ್ಯಾನೋಫ್ಯಾರಡ್ ಹಾಕಿ ಪಿಡಿ2ಕ್ಕೆ ತನ್ನಿ. ಆ ಕೆಪಾಸಿಟರ್ ಬಿಟ್ಟರೆ ಇಷ್ಟು ದೊಡ್ಡ ರೆಸಿಸ್ಟರ್ ಮೂಲಕ ಎಡಿಸಿ ಸ್ಯಾಂಪಲ್ ತುಂಬುವುದಿಲ್ಲ, ಓದು ಕಡಿಮೆ ಬರುತ್ತದೆ. ಈ ಅಳತೆಗೆ ಮಾತ್ರ ಒಳಗಿನ 2.048 ವೋಲ್ಟ್ ರೆಫರೆನ್ಸ್ ಬಳಸಿ. ಡ್ರೈವರಿನ ಸ್ಲೀಪ್ ಗೆರೆಯನ್ನು ಪಿಡಿ2ರಿಂದ ಖಾಲಿಯಿದ್ದ ಪಿಸಿ2ಕ್ಕೆ ಸಾಗಿಸಿ. 8833ರ ಲಾಜಿಕ್ ಪಿನ್ 5 ವೋಲ್ಟ್ ತಡೆಯುತ್ತದೆ, 5 ವೋಲ್ಟ್ ರೈಲು ಆಫ್ ಆದಾಗ ಅದರ ಒಳಗಿನ ಪುಲ್‌ಡೌನ್ ತಾನೇ ಮಲಗಿಸುತ್ತದೆ. ವಾಲ್ವ್ ತಿರುಗಿಸುವ ಮೊದಲು 5 ವೋಲ್ಟ್ ಆನ್ ಮಾಡಿ, 9 ವೋಲ್ಟ್ ಆನ್ ಮಾಡಿ, ಅರ್ಧ ಸೆಕೆಂಡ್ ಕಾದು, ಪಿಸಿ2 ಹೈ ಮಾಡಿ ಒಂದು ಮಿಲಿಸೆಕೆಂಡ್ ಬಿಟ್ಟು ಪಲ್ಸ್ ಕೊಡಿ.

ತೋಟದಮನೆ:

ನಕ್ಷೆ ತಿದ್ದಿದೆ. ಮೊದಲು ಎರಡೇ ಬೋರ್ಡ್ ಕಟ್ಟುತ್ತೇನೆ: ಒಂದು ವಾಲ್ವ್ ಸಹಿತ, ಒಂದು ಅಳತೆಗೆ ಮಾತ್ರ. ಸೆಲ್‌ನ ಜಾಗದಲ್ಲಿ ಬೆಂಚ್ ಸಪ್ಲೈ ಇಟ್ಟು 3.65, 3.2, 2.9 ವೋಲ್ಟ್ ಮೂರರಲ್ಲೂ ನಿದ್ದೆಯ ಕರೆಂಟ್, ಸಿಆರ್‌ಸಿ, ವಾಲ್ವ್ ತಿರುಗುವುದು ಮೂರನ್ನೂ ನೋಡಿ ಅಂಕಿ ಹಾಕುತ್ತೇನೆ.

ಮೈಕ್ರೋಆಂಪ್:

ನಿದ್ದೆಯ ಕರೆಂಟ್ ಅಳೆಯುವಾಗ ಮಲ್ಟಿಮೀಟರನ್ನು ಮೈಕ್ರೋಆಂಪ್ ರೇಂಜ್‌ನಲ್ಲಿಟ್ಟು ಬೋರ್ಡ್ ಆನ್ ಮಾಡಬೇಡಿ, ಮೀಟರಿನ ಒಳಗಿನ ಷಂಟ್ ರೆಸಿಸ್ಟರಿನಲ್ಲೇ ವೋಲ್ಟೇಜ್ ಬಿದ್ದು ಚಿಪ್ ಏಳುವುದೇ ಇಲ್ಲ. ಮೀಟರಿಗೆ ಅಡ್ಡಲಾಗಿ ಒಂದು ಸ್ವಿಚ್ ಇಡಿ, ಬೋರ್ಡ್ ಮಲಗಿದ ಮೇಲೆ ಅದನ್ನು ತೆರೆದು ಓದಿ, ಮುಂದಿನ ಸಲ ಏಳುವ ಮೊದಲು ಮುಚ್ಚಿ. ಯುಪಿಡಿಐ ಅಡಾಪ್ಟರ್, ಡೀಬಗ್ ತಂತಿ ಎರಡನ್ನೂ ಕಿತ್ತು ಅಳೆಯಿರಿ. 15ರ ಬದಲು 100 ದಾಟಿದರೆ ಮೊದಲು ರೇಡಿಯೋ ಸ್ಲೀಪ್ ಆದೇಶ ಹೋಗಿದೆಯೇ ನೋಡಿ, ಸ್ಟ್ಯಾಂಡ್‌ಬೈನಲ್ಲಿ ಬಿಟ್ಟರೆ ಅದೊಂದೇ ಒಂದೂವರೆ ಮಿಲಿಆಂಪ್ ಆಸುಪಾಸು ಹೀರುತ್ತದೆ. ಆಮೇಲೆ ಬಳಸದ ಪಿನ್‌ಗಳ ಇನ್‌ಪುಟ್ ಬಫರ್ ಆಫ್ ಮಾಡಿದ್ದೀರಾ ನೋಡಿ.